ಅಣ್ಣನ ವಿಮಾನಕ್ಕೆ ನಾನು ಮಾಡಿದ ಕೊಂಡಿಗಳು

ಹೋದ ತಿಂಗಳು ಅಣ್ಣನ ಮೊಮ್ಮಗಳ ಕಾಲುಚೈನು ಹರಿಯಿತೆಂದು ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿಗೆ ಹೋಗಿದ್ದೆ. ಈಗ ಅಲ್ಲಿ ಎಲ್ಲ ಕಡೆ ಗ್ಯಾಸಿನ ಉರಿ. ಆದರೆ ಸಂದಿಯೊಳಗಿನ ಒಂದು ಹಳೆಯ ಅಂಗಡಿಯಲ್ಲಿ ಮುದುಕರೊಬ್ಬರು ಇನ್ನೂ ಇದ್ದಿಲ ಮೇಲೆ ಊದುಗೊಳವೆಯಿಂದ ಬೆಸೆಯುತ್ತಿದ್ದರು. ಕಾದ ಬೆಳ್ಳಿ, ಬಿಳಿಗಾರ, ಇದ್ದಿಲು ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅವರ ಹೊಸ್ತಿಲ ಮೇಲೆ ಕೂತುಬಿಟ್ಟೆ. ನೀರು ಬೇಕೇನು ಎಂದು ಅವರು ಕೇಳಿದರು. ವಯಸ್ಸಾದವಳು, ಬಿಸಿಲಿಗೆ ದಣಿದಿದ್ದಾಳೆ ಅಂದುಕೊಂಡಿರಬೇಕು. ನನಗೆ ದಣಿವಾಗಿರಲಿಲ್ಲ, ಸಿಟ್ಟು ಬಂದಿತ್ತು. ಇಷ್ಟು ವರ್ಷವಾದರೂ ಆ ವಾಸನೆಗೆ ನನ್ನ ಕಣ್ಣ ಮುಂದೆ ಬರುವುದು ಆ ಕೆಲಸ ಕಲಿಸಿದ ಅಪ್ಪನ ಮುಖವಲ್ಲ, ಗುರುಪಾದನ ಮುಖ. ಇಚಲಕರಂಜಿಯಲ್ಲಿ ಒಂದು ಮಳೆಗಾಲವಿಡೀ ನಾನು ಅಣ್ಣನ ವಿಮಾನಕ್ಕೆ ಲೋಹದ ಸಾಮಾನು ಮಾಡುತ್ತ ಕೂತಿದ್ದೆ. ಆ ವರ್ಷ ನೆನಪಾಗುತ್ತದೆ.

ನಾವು ಗಡಹಿಂಗ್ಲಜದ ಪತ್ತಾರರು. ಅಪ್ಪನಿಗೆ ಅಣ್ಣ ಕಾಳಪ್ಪ ಮತ್ತು ನಾನು, ಕಮಲಾ, ಇಬ್ಬರೇ ಮಕ್ಕಳು. ಅಣ್ಣನಿಗೆ ಬಂಗಾರದ ಮುಂದೆ ಕೂರುವ ಮನಸ್ಸು ಎಂದೂ ಇರಲಿಲ್ಲ. ಸೈಕಲ್ಲು, ಹಿಟ್ಟಿನ ಗಿರಣಿಯ ಎಂಜಿನ್ನು, ಏನು ಸಿಕ್ಕರೂ ಬಿಚ್ಚುತ್ತಿದ್ದ. ಹಾಗಾಗಿ ಅಪ್ಪ ಅಗ್ಗಿಷ್ಟಿಗೆಯ ಮುಂದೆ ನನ್ನನ್ನು ಕೂರಿಸಿಕೊಂಡ. ಹೆಣ್ಣುಮಗಳ ಕೈಗೆ ಊದುಗೊಳವೆ ಕೊಟ್ಟನೆಂದು ಓಣಿಯವರು ಆಡಿಕೊಂಡರು, ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಸುಗೆ ಹಾಕುವುದು, ತಂತಿ ಎಳೆಯುವುದು, ವಂಕಿಗೆ ಕೀಲು ಕೂರಿಸುವುದು ಎಲ್ಲವನ್ನೂ ಕಲಿಸಿಯೇ ತೀರಿಕೊಂಡ. ಅಣ್ಣನಿಗೆ ಕೊಲ್ಲಾಪುರದ ಹೊರಗೆ, ಸಿರಿವಂತರ ಮಕ್ಕಳಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದ ಒಂದು ಬಯಲಿನಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿತು. ಆಮೇಲೆ ಅವನೇ ಹೇಳಿ ನಮ್ಮ ಸೋದರತ್ತೆಯ ಮಗ ಗುರುಪಾದನನ್ನೂ ಅಲ್ಲಿಗೆ ಸೇರಿಸಿದ.

ಗುರುಪಾದನಿಗೆ ನನ್ನನ್ನು ಕೊಡುವುದು ನಾನು ಚಿಕ್ಕವಳಿದ್ದಾಗಲೇ ಮಾತಾಗಿತ್ತು. ಅವನು ಸಂತೆಯ ದಿನ ಬಂದರೆ ನಮ್ಮಲ್ಲೇ ಉಣ್ಣುತ್ತಿದ್ದ. ಅವ್ವ ಅವನ ರೊಟ್ಟಿಗೆ ಬೆಣ್ಣೆ ಹೆಚ್ಚು ಹಾಕುತ್ತಿದ್ದಳು. ನಾನು ಅವನನ್ನು ಮಾಮಾ ಎಂದು ಕರೆಯುತ್ತಿದ್ದೆ. ನನಗೂ ಅವನ ಮೇಲೆ ಮನಸ್ಸಿತ್ತು. ಅದನ್ನು ಮುಚ್ಚಿಟ್ಟು ಹೇಳಿದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ.

ಆ ಬಯಲಿನಲ್ಲಿದ್ದದ್ದು ಒಂದರ ಮೇಲೊಂದು ಎರಡು ರೆಕ್ಕೆಯಿರುವ ಹಳೆಯ ವಿಮಾನ. ಕಟ್ಟಿಗೆಯ ಎಲುಬು, ಮೇಲೆ ಬಟ್ಟೆ, ರೆಕ್ಕೆಗಳ ನಡುವೆ ಬಿಗಿದ ತಂತಿ. ಅದನ್ನು ಹಾರಿಸಲು ಕಲಿಸುತ್ತಿದ್ದವರನ್ನು ಎಲ್ಲರೂ ಕ್ಯಾಪ್ಟನ್ ಸಾಹೇಬರು ಎನ್ನುತ್ತಿದ್ದರು. ನಮ್ಮ ನಿಶ್ಚಯದ ದಿನ ಗೊತ್ತುಮಾಡಲು ಅಣ್ಣ ಒಂದು ದಿನ ರಜೆ ಹಾಕಿ ಗಡಹಿಂಗ್ಲಜಕ್ಕೆ ಬಂದಿದ್ದ. ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ. ಸ್ವಲ್ಪ ಹೊತ್ತಿಗೇ ವಿಮಾನ ಮೇಲೆದ್ದು, ಬಯಲು ದಾಟುವ ಮೊದಲೇ ಒಂದು ಬದಿಯ ರೆಕ್ಕೆಗಳು ಮಡಚಿಕೊಂಡು ಕೆಳಗೆ ಬಿತ್ತು. ಒಳಗೆ ಕ್ಯಾಪ್ಟನ್ ಸಾಹೇಬರೊಬ್ಬರೇ ಇದ್ದರು. ಬೆಂಕಿ ಹತ್ತಿದ ಮೇಲೆ ಅಣ್ಣ ಒಳನುಗ್ಗಿ ಅವರನ್ನು ಎಳೆದು ತಂದ. ಅವರ ಒಂದು ಕಾಲು ಹೋಯಿತು, ಅಣ್ಣನ ಎರಡೂ ಕೈ ಸುಟ್ಟವು. ಕೈಯ ಚರ್ಮ ಮತ್ತೆ ಬಂತು, ಆದರೆ ಬೆರಳುಗಳು ಕೊಕ್ಕೆಯಂತೆ ಬಾಗಿ ನಿಂತವು.

ವಿಚಾರಣೆಯಲ್ಲಿ ಗುರುಪಾದ ಹೇಳಿದ: ರೆಕ್ಕೆಯ ತಂತಿ ಬಿಗಿ ಮಾಡುವ ನಳಿಗೆ ತಿರುಗಿ ಸಡಿಲಾಗದಂತೆ ಅದಕ್ಕೊಂದು ಸಣ್ಣ ತಂತಿ ಸುತ್ತಬೇಕು, ಆ ಬೆಳಿಗ್ಗೆ ಕಾಳಪ್ಪ ಅದನ್ನು ಸುತ್ತುವುದು ಮರೆತ. ಬೆಂಕಿಯಲ್ಲಿ ಎಲ್ಲ ಸುಟ್ಟು ತಿರುಚಿ ಬಿದ್ದಿದ್ದರಿಂದ ಯಾವುದು ಮೊದಲು ಕಿತ್ತಿತೆಂದು ನೋಡಲು ಬರುವಂತಿರಲಿಲ್ಲ. ಅಣ್ಣನನ್ನು ಕೇಳಿದರು. ಅಣ್ಣ ಹೌದೆಂದ. ಕೆಲಸ ಹೋಯಿತು. ಅಣ್ಣನ ಜಾಗ ಗುರುಪಾದನಿಗೆ ಸಿಕ್ಕಿತು. ಆ ತಿಂಗಳೇ ನಮ್ಮ ಸೋದರತ್ತೆ, ಇಂಥ ಹೆಸರು ಬಂದ ಮನೆಯಿಂದ ಹೆಣ್ಣು ತಂದರೆ ನನ್ನ ಮಗನ ಗತಿಯೇನು ಎಂದು ಹೇಳಿಕಳಿಸಿದಳು. ಗುರುಪಾದ ಬಂದು ಮುಖ ಕೂಡ ತೋರಿಸಲಿಲ್ಲ. ಗಡಹಿಂಗ್ಲಜದ ಓಣಿಯಲ್ಲಿ ನೀರು ತರಲು ಹೋದರೂ ಜನ ಮಾತು ನಿಲ್ಲಿಸುತ್ತಿದ್ದರು. ಅವ್ವ ಮನೆಗೆ ಬೀಗ ಹಾಕಿ ನಮ್ಮನ್ನು ಇಚಲಕರಂಜಿಗೆ ಕರೆದುಕೊಂಡು ಬಂದಳು.

ಮಗ್ಗಗಳ ಸಾಲಿನ ಹಿಂದೆ ಒಂದು ಕೋಣೆ ಸಿಕ್ಕಿತು. ಹಗಲೆಲ್ಲ ಗೋಡೆ ಅದುರುತ್ತಿತ್ತು, ಜೋರಾಗಿ ಮಾತಾಡದಿದ್ದರೆ ಎದುರಿಗೆ ಕೂತವರಿಗೂ ಕೇಳುತ್ತಿರಲಿಲ್ಲ. ಚೊಕ್ಕ ಬಂಗಾರದ ಒಡವೆ ಮಾಡಬಾರದೆಂಬ ಕಾಯ್ದೆ ಬಂದು ಪತ್ತಾರರೆಲ್ಲ ಕೈಕಟ್ಟಿ ಕೂತಿದ್ದ ಕಾಲ ಅದು. ನಾನು ಹುಪರಿಯಿಂದ ಬೆಳ್ಳಿ ಕೆಲಸ ತಂದು, ಕಾಲುಚೈನಿನ ಉಂಗುರಗಳನ್ನು ಮನೆಯಲ್ಲೇ ಬೆಸೆದು ಕೊಡುತ್ತಿದ್ದೆ. ಅಣ್ಣ ಮಗ್ಗದ ಶೆಡ್ಡಿನಲ್ಲಿ ಲಾಳಿಯೊಳಗಿಡುವ ಕಾಂಡಿಗೆ ನೂಲು ಸುತ್ತುವ ಕೆಲಸ ಹಿಡಿದ. ಅಲ್ಲಿ ಅದು ಹೆಂಗಸರ ಕೆಲಸ. ವಿಮಾನ ಬಿಚ್ಚಿ ಜೋಡಿಸಿದ ಮನುಷ್ಯ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವುದನ್ನು ನಾನು ಒಂದು ಸಲ ನೋಡಿದೆ. ಮತ್ತೆ ಆ ಕಡೆ ಹೋಗಲಿಲ್ಲ. ಮರುವರ್ಷ ಗುರುಪಾದನೂ ಅದೇ ಊರಿಗೆ ಬಂದ. ಬಯಲಿನ ಕೆಲಸ ಬಿಟ್ಟು, ಮಗ್ಗದ ಬಿಡಿಭಾಗ ಮಾಡುವ ವರ್ಕಶಾಪು ಹಾಕಿದ್ದ. ಹೊಸ ಮೋಟಾರ್ ಸೈಕಲ್ಲಿನಲ್ಲಿ ನಮ್ಮ ಓಣಿಯ ತುದಿಯಿಂದಲೇ ಹಾದುಹೋಗುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ.

ಆ ವರ್ಷ ಮಳೆ ಬೇಗ ಹಿಡಿಯಿತು. ಪಂಚಗಂಗೆ ತುಂಬಿ ಕುರುಂದವಾಡದ ಕಡೆ ದಾರಿ ಕಟ್ಟಿತೆಂದು ಸುದ್ದಿ ಬರುತ್ತಿತ್ತು. ನೂಲು ಬಾರದೆ ಶೆಡ್ಡು ಆಗಾಗ ನಿಲ್ಲುತ್ತಿತ್ತು. ಅಂಥ ಒಂದು ದಿನ ಅಣ್ಣ ಮುರಿದ ಮಗ್ಗದ ಕಟ್ಟಿಗೆ ಚೂರುಗಳನ್ನು ಮನೆಗೆ ತಂದ. ಚಾಕುವನ್ನು ಎರಡು ಅಂಗೈ ನಡುವೆ ಹಿಡಿದು ಕೆತ್ತತೊಡಗಿದ. ಎಲುಬುಗಳಂಥ ತುಂಡುಗಳು ಗೋಡೆಗುಂಟ ಸಾಲಾಗಿ ನಿಂತಮೇಲೆ ನನಗೆ ಗೊತ್ತಾಯಿತು, ಅದು ರೆಕ್ಕೆ. ಆ ಬಯಲಿನ ವಿಮಾನವನ್ನೇ ನಾಲ್ಕನೇ ಒಂದರ ಅಳತೆಯಲ್ಲಿ ಮಾಡುತ್ತಿದ್ದ. ಪೂರ್ತಿಯಾದರೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವಷ್ಟು ದೊಡ್ಡದು. ಅವನು ಕೆಲಸದಲ್ಲಿ ಮುಳುಗಿದ್ದು ಕಂಡು ಅವ್ವ ಬಹಳ ದಿನಗಳ ಮೇಲೆ ನಕ್ಕಳು. ಆದರೆ ಕಟ್ಟಿಗೆ ಮುಗಿದಲ್ಲಿ ಅವನು ನಿಂತುಬಿಟ್ಟ. ಲೋಹದ ಕೆಲಸಕ್ಕೆ ಆ ಬೆರಳು ಆಗುತ್ತಿರಲಿಲ್ಲ. ಲೋಹದ್ದು ನಾನು ಮಾಡುತ್ತೇನೆ, ನೀನು ಹೇಳುತ್ತಾ ಹೋಗು ಅಂದೆ.

ಬೆಳ್ಳಿ ಕೆಲಸ ಮುಗಿದ ಮೇಲೆ ದಿನಾ ಅದೇ ಶುರುವಾಯಿತು. ಮುಂಭಾಗದ ಮೂತಿಗೆ ಜರ್ಮನ್ ಎಂದು ಕರೆಯುವ ಅಲ್ಯೂಮಿನಿಯಮ್ಮಿನ ಹಳೆಯ ಪಾತೇಲಿಯನ್ನು ಕತ್ತರಿಸಿ, ಮರಳಿನ ಚೀಲದ ಮೇಲಿಟ್ಟು, ಕಟ್ಟಿಗೆಯ ಸುತ್ತಿಗೆಯಿಂದ ಬಡಿದು ಬಾಗಿಸಿದೆ. ಮೇಲಿನ ರೆಕ್ಕೆಯ ನಡುವೆ ಕೂರುವ ಎಣ್ಣೆಯ ಟಾಕಿಯನ್ನು ಹಿತ್ತಾಳೆ ತಗಡಿನಿಂದ ಮಾಡಿ ಅಂಚು ಬೆಸೆದೆ. ಬಾಲದ ಹಲಗೆ ಮೇಲೆ ಕೆಳಗೆ ಆಡಲು ಅಪ್ಪ ವಂಕಿಗೆ ಹಾಕುತ್ತಿದ್ದ ಕೀಲನ್ನೇ ಹಾಕಿದೆ. ರೆಕ್ಕೆಯ ತಂತಿಗೆ ಸೈಕಲ್ಲಿನ ಕಡ್ಡಿಗಳು. ಒಡವೆ ಬಡಿಯುವ ಅಡಿಗಲ್ಲಿನ ಮೇಲೆ ಅವನ್ನು ಚಪ್ಪಟೆ ಬಡಿದು, ಗಾಳಿ ಸೀಳುವಂತೆ ಎರಡೂ ಅಂಚನ್ನು ಅರದಿಂದ ಉಜ್ಜಿದೆ. ಬಿಗಿ ಮಾಡುವ ನಳಿಗೆಗಳು ಎಲ್ಲಕ್ಕಿಂತ ಕಷ್ಟ ಕೊಟ್ಟವು. ಒಂದು ತುದಿಗೆ ಬಲಸುತ್ತಿನ ತಿರುಪು, ಇನ್ನೊಂದಕ್ಕೆ ಎಡಸುತ್ತಿನದು, ಆಗ ಮಾತ್ರ ನಡುವೆ ಹಿಡಿದು ತಿರುವಿದರೆ ಎರಡೂ ಕಡೆಯ ತಂತಿ ಒಳಗೆ ಎಳೆದುಕೊಳ್ಳುತ್ತದೆ. ಅಣ್ಣ ಪಕ್ಕದಲ್ಲಿ ಕೂತು ಸುಟ್ಟ ಬೆರಳಿಂದ ಸವರಿ ನೋಡುತ್ತಿದ್ದ. ಚೆನ್ನಾಗಿದ್ದರೆ ಸುಮ್ಮನೆ ಕೆಳಗಿಡುತ್ತಿದ್ದ, ಇಲ್ಲದಿದ್ದರೆ ನನ್ನ ಮಡಿಲಿಗೆ ಹಾಕುತ್ತಿದ್ದ.

ಕೊನೆಗೆ ಕೊಂಡಿಗಳು ಉಳಿದವು. ರೆಕ್ಕೆಯ ತಂತಿಗಳೆಲ್ಲ ಕೆಳಗೆ ಬಂದು ವಿಮಾನದ ಒಡಲಿಗೆ ಸಿಕ್ಕಿಕೊಳ್ಳುವ ಉಕ್ಕಿನ ತುಂಡುಗಳು ಅವು. ರೆಕ್ಕೆಯ ಭಾರವೆಲ್ಲ ಅವುಗಳ ಮೇಲೆ. ನೂಲಿನ ಗಂಟಿಗೆ ಬಿಗಿದು ಬರುವ ಉಕ್ಕಿನ ಪಟ್ಟಿಯನ್ನು ಕತ್ತರಿಸಿಕೊಂಡೆ. ಅಣ್ಣ ಅಂದು ಶೆಡ್ಡಿಗೆ ಹೋಗಿದ್ದ. ನಾನು ಕೈ ರೂಢಿಯಂತೆ ಬೆಳ್ಳಿಗೆ ಮಾಡುವುದನ್ನೇ ಮಾಡಿದೆ. ಕೆಂಪಗೆ ಕಾಯಿಸಿದೆ, ಚೂಪಾಗಿ ಮಡಚಿದೆ, ಇನ್ನೊಮ್ಮೆ ಕಾಯಿಸಿ ನೀರಿಗೆ ಅದ್ದಿದೆ. ನೋಡಲು ಒಡವೆಯಷ್ಟು ಚೊಕ್ಕಾಗಿತ್ತು. ಸಂಜೆ ಬಂದ ಅಣ್ಣನ ಕೈಗೆ ಖುಷಿಯಿಂದ ಕೊಟ್ಟೆ.

ಅವನು ಅದನ್ನು ತಿರುಗಿಸಿ ಮಡಚಿದ ಜಾಗವನ್ನು ನೋಡಿದ. ಕೊಂಡಿಯ ಒಂದು ತುದಿಯನ್ನು ಅಡಿಗಲ್ಲಿನ ಸಂದಿಗೆ ಸಿಕ್ಕಿಸಿ ಅಂಗೈಯಿಂದ ಒತ್ತಿದ. ಮಡಚಿದಲ್ಲಿ ಅದು ಹಪ್ಪಳದಂತೆ ಮುರಿಯಿತು.

“ಇದನ್ನ ಹಾಕಬ್ಯಾಡ,” ಅಂದ. “ಬೆಳ್ಳಿ ನೀರಿಗಿ ಹಾಕಿದ್ರ ಮೆತ್ತಗ ಆಗತೈತಿ. ಉಕ್ಕು ಸೆಟೀತೈತಿ.” ನನ್ನ ಕಡೆ ನೋಡದೆ ಸೇರಿಸಿದ: “ಗುರುಪಾದನೂ ಹಿಂಗ ಮಾಡಿದ್ದ.”

ನಾನು ಊದುಗೊಳವೆ ಕೆಳಗಿಟ್ಟೆ. ಅವನಿಂದ ಮಾತು ಹೊರಡಿಸುವುದು ಬಾವಿಯಿಂದ ಕೊಡ ಎತ್ತಿದ ಹಾಗಾಯಿತು. ಅಣ್ಣ ರಜೆಯ ಮೇಲೆ ಬಂದ ದಿನ ಹಳೆಯ ಕೊಂಡಿ ಬಿರುಕು ಬಿಟ್ಟಿದ್ದು ಗುರುಪಾದನಿಗೆ ಕಂಡಿತ್ತು. ಹೊಸದು ಬಂದಿರಲಿಲ್ಲ. ವಿಮಾನ ನಿಲ್ಲಿಸಿ ಎಂದು ಹೇಳುವ ಬದಲು ತಾನೇ ಒಂದು ಪಟ್ಟಿಯನ್ನು ಕಾಯಿಸಿ, ಮಡಚಿ, ನೀರಿಗೆ ಅದ್ದಿ, ಬಣ್ಣ ಹಚ್ಚಿ ಕೂರಿಸಿದ. ಅದನ್ನು ಅಣ್ಣನಿಗೆ ಹೇಳಿದ್ದು ವಿಮಾನ ಬಿದ್ದ ಮೇಲೆ, ಆಸ್ಪತ್ರೆಯಲ್ಲಿ, ಅವನ ಮಂಚದ ಪಕ್ಕದಲ್ಲಿ ಅಳುತ್ತ. ಸಣ್ಣ ತಂತಿಯನ್ನು ಅಣ್ಣ ಸುತ್ತಿದ್ದ, ಮರೆತಿರಲಿಲ್ಲ.

“ಮತ್ತ ನೀ ಯಾಕ ಹೌದು ಅಂದಿ?” ಎಂದು ಕೇಳಿದೆ.

“ನಿನ್ನ ಕೊಡಬೇಕಾದ ಮನಿ ಅದು, ಕಮಲಾ. ಅವನು ಜೇಲಿಗಿ ಹ್ವಾದ್ರ ನಿನ್ನ ಗತಿ ಏನು ಅಂದ್ಕೊಂಡೆ. ನನ್ನ ಕೈ ಹೆಂಗಿದ್ರೂ ಹೋಗಿದ್ದೂವು.”

ಅವ್ವ ಒಲೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ನನಗೆ ಅಳು ಬರಲಿಲ್ಲ. ನನ್ನ ಸಲುವಾಗಿ ಅಣ್ಣ ಕೆಟ್ಟ ಹೆಸರು ಹೊತ್ತುಕೊಂಡ. ಆ ಹೆಸರನ್ನೇ ನೆಪ ಮಾಡಿ ಅವರು ನನ್ನನ್ನು ಬೇಡವೆಂದರು. ಗುರುಪಾದ ಎಲ್ಲ ಗೊತ್ತಿದ್ದೂ ತಾಯಿಯ ಬಾಯಿ ಮುಚ್ಚಿಸಲಿಲ್ಲ. ಆ ಹೊತ್ತಿನಲ್ಲಿ ನನ್ನೊಳಗೆ ಏನೋ ತಣ್ಣಗಾಗಿ ಗಟ್ಟಿಯಾಯಿತು. ಮಳೆಗಾಲ ಮುಗಿಯುವವರೆಗೂ ಅದು ಕರಗಲಿಲ್ಲ, ಕರಗಲೆಂದು ನನಗೂ ಅನಿಸಲಿಲ್ಲ. ಬೆಳ್ಳಿ ಬೆಸೆಯುವಾಗ, ರೊಟ್ಟಿ ಬಡಿಯುವಾಗ, ನೀರು ಸೇದುವಾಗ ಅವನನ್ನು ಹೇಗೆ ಬೀಳಿಸಲಿ ಎಂಬುದೊಂದೇ ಯೋಚನೆ. ಅವನ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ಅರ ಇನ್ನೂ ಜೋರಾಗಿ ಓಡುತ್ತಿತ್ತು.

ದಾರಿ ತೋರಿದ್ದು ಅಣ್ಣನೇ, ತನಗೆ ಗೊತ್ತಿಲ್ಲದೆ. ಹೊಸ ರೆಕ್ಕೆ ಎಷ್ಟು ಭಾರ ತಡೆಯುತ್ತದೆಂದು ನೋಡಲು ವಿಮಾನವನ್ನು ಅಂಗಾತ ಮಲಗಿಸಿ, ರೆಕ್ಕೆಯ ಮೇಲೆ ಮರಳಿನ ಚೀಲ ಹೇರುತ್ತಾರೆ ಎಂದು ಒಮ್ಮೆ ಹೇಳಿದ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದಲ್ಲ, ತಲೆಕೆಳಗಾಗಿಸಿದರೆ ಮರಳು ಅದೇ ಕಡೆಗೆ ಜಗ್ಗುತ್ತದೆ. ನಾನು ಹಳೆಯ ಸೀರೆ ಹರಿದು ಸಣ್ಣ ಚೀಲಗಳನ್ನು ಹೊಲಿದೆ, ಹೊಳೆಯ ಮರಳು ತುಂಬಿದೆ. ದಸರೆಗೆ ಕೊಲ್ಲಾಪುರದಲ್ಲಿ ಕೈಗಾರಿಕೆಯ ಸಾಮಾನುಗಳ ಪ್ರದರ್ಶನ ನಡೆಯುವುದಿತ್ತು. ಇಚಲಕರಂಜಿಯ ವರ್ಕಶಾಪಿನವರೆಲ್ಲ ಅಲ್ಲಿ ಮಳಿಗೆ ಹಾಕುತ್ತಿದ್ದರು, ಗುರುಪಾದನೂ. ನಾವೂ ವಿಮಾನ ಇಡೋಣ ಎಂದೆ. ಅಣ್ಣನಿಗೆ ನನ್ನ ಮನಸ್ಸು ತಿಳಿಯಿತು.

“ಬ್ಯಾಡ ಕಮಲಾ. ಆಗಿದ್ದು ಆತು.”

“ನಿನಗ ಆಗಿರಬೇಕು. ನನಗ ಆಗಿಲ್ಲ,” ಎಂದೆ.

ಅವನು ಮತ್ತೆ ಆ ಮಾತು ಎತ್ತಲಿಲ್ಲ. ರೆಕ್ಕೆಗೆ ತೆಳು ಬಟ್ಟೆ ಹೊದಿಸಿ ಗಂಜಿ ಬಳಿದು ಒಣಗಿಸಿದ. ಒಪ್ಪಿ ಮಾಡಿದನೋ, ಕೆಲಸ ಅರ್ಧಕ್ಕೆ ಬಿಡಲಾಗದೆ ಮಾಡಿದನೋ ನನಗೆ ಇಂದಿಗೂ ಗೊತ್ತಿಲ್ಲ.

ಪ್ರದರ್ಶನಕ್ಕೆ ಮುಂಚೆ ನಾನೊಬ್ಬಳೇ ಕೊಲ್ಲಾಪುರಕ್ಕೆ ಹೋಗಿ ರಂಕಾಳೆ ಕೆರೆಯ ಹತ್ತಿರ ಕ್ಯಾಪ್ಟನ್ ಸಾಹೇಬರ ಮನೆ ಹುಡುಕಿದೆ. ಕಟ್ಟಿಗೆಯ ಕಾಲು ಚಾಚಿ ವರಾಂಡದಲ್ಲಿ ಕೂತಿದ್ದರು. ಬೆಳಗಾವಿಯಲ್ಲಿ ಬೆಳೆದವರು, ಕನ್ನಡ ಬರುತ್ತಿತ್ತು. ನಾನು ಯಾರ ತಂಗಿ ಎಂದು ಗೊತ್ತಾದ ಕೂಡಲೇ ಮುಖ ಗಂಟಿಕ್ಕಿದರು.

“ನಿಮ್ಮಣ್ಣ ನನ್ನ ಮೊದಲ ಕೊಂದು ಆಮ್ಯಾಲ ಉಳಿಸಿದ. ಅವನ ಮುಖ ನೋಡೂದು ನನಗ ಬ್ಯಾಡ.”

“ಅವನ ಮುಖ ನೋಡಬ್ಯಾಡ್ರಿ ಸಾಹೇಬರ. ರೆಕ್ಕಿ ನೋಡ್ರಿ,” ಎಂದೆ.

ಬರುತ್ತೇನೆಂದು ಹೇಳಲಿಲ್ಲ. ಆದರೆ ಬಂದರು.

ಆ ಮಧ್ಯಾಹ್ನ ನಮ್ಮ ಮಳಿಗೆಯ ಮುಂದೆ ಜನ ತುಂಬಿದ್ದರು. ಅಣ್ಣ ಬೆಳಿಗ್ಗೆ ರೆಕ್ಕೆ ಜೋಡಿಸಿಕೊಟ್ಟು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಿದ್ದ, ಎಷ್ಟು ಕರೆದರೂ ಒಳಗೆ ಬರಲಿಲ್ಲ. ಗುರುಪಾದ ತನ್ನ ಮಳಿಗೆ ಬಿಟ್ಟು ನಮ್ಮ ಕಡೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮೊದಲಿನದೇ ನಗು. ನಮ್ಮ ಮಾವನ ಮನೆಯವರು ಮಾಡಿದ್ದು ಎಂದು ಪಕ್ಕದವರಿಗೆ ಮರಾಠಿಯಲ್ಲಿ ಹೇಳುತ್ತಿದ್ದ. ಊರುಗೋಲಿನ ಸದ್ದು ಕೇಳಿ ತಿರುಗಿದವನು ಅಲ್ಲೇ ನಿಂತ.

ಪಕ್ಕದ ಮಳಿಗೆಯವರ ಸಹಾಯದಿಂದ ನಾನು ವಿಮಾನವನ್ನು ಅಂಗಾತ ಮಲಗಿಸಿದೆ. ನಳಿಗೆಗಳಿಗೆ ಸುತ್ತಿದ್ದ ಸಣ್ಣ ತಂತಿಗಳನ್ನು ಸಾಹೇಬರ ಎದುರೇ ಬಿಚ್ಚಿ ತೆಗೆದೆ. ಅಣ್ಣ ಇದನ್ನೇ ಮರೆತನೆಂದು ಹೇಳಿದ್ದರಲ್ಲ, ಈಗ ನೋಡಿ ಎಂದು ಒಂದೊಂದೇ ಮರಳಿನ ಚೀಲ ಹೇರಿದೆ. ರೆಕ್ಕೆ ಬಾಗಿತು, ತಂತಿಗಳು ನರಗಳಂತೆ ಬಿಗಿದವು, ಆದರೆ ಎಲ್ಲ ಚೀಲ ಹೇರಿದರೂ ಮುರಿಯಲಿಲ್ಲ. ಗಾಳಿಯಲ್ಲಿ ಅದುರಿ ಅದುರಿ ನಳಿಗೆ ತಾನೇ ಬಿಚ್ಚಿಕೊಳ್ಳಬಹುದಲ್ಲ ಎಂದು ಯಾರೋ ಕೇಳಿದರು. ಬಿಚ್ಚಿಕೊಳ್ಳಲು ಹೊತ್ತು ಬೇಕು, ಬಿದ್ದ ದಿನ ನನ್ನ ವಿಮಾನ ಬಯಲನ್ನೇ ದಾಟಿರಲಿಲ್ಲ ಎಂದು ಸಾಹೇಬರೇ ಉತ್ತರ ಕೊಟ್ಟರು. ಅವರ ದನಿ ಬದಲಾಗಿತ್ತು.

ಚೀಲಗಳನ್ನು ಇಳಿಸಿ, ಅಣ್ಣ ಹೇಳಿದಂತೆ ನೀರಿಗೆ ಅದ್ದದೆ ಮಾಡಿದ್ದ ಒಂದು ಬದಿಯ ಕೊಂಡಿ ಬಿಚ್ಚಿದೆ. ಅದರ ಜಾಗದಲ್ಲಿ ನನ್ನ ಸೆರಗಿನ ಗಂಟಿನಲ್ಲಿದ್ದ ಇನ್ನೊಂದನ್ನು ಹಾಕಿದೆ. ಕೆಂಪಗೆ ಕಾಯಿಸಿ, ಚೂಪಾಗಿ ಮಡಚಿ, ನೀರಿಗೆ ಅದ್ದಿ ಮಾಡಿದ್ದು. ಹೇಗೆ ಮಾಡಿದ್ದೆಂದು ಗಟ್ಟಿಯಾಗಿ ಹೇಳಿದೆ. ಮತ್ತೆ ಚೀಲ ಹೇರತೊಡಗಿದೆ. ಅರ್ಧದಷ್ಟು ಚೀಲಗಳು ಏರುವ ಮೊದಲೇ ಟಪ್ಪೆಂದಿತು. ಆ ಬದಿಯ ಎರಡೂ ರೆಕ್ಕೆ ಮಡಚಿಕೊಂಡು ನೆಲಕ್ಕೆ ಬಿದ್ದವು. ಸಾಹೇಬರು ಊರುಗೋಲನ್ನು ಎದೆಗೆ ಒತ್ತಿ ಹಿಡಿದರು. ಆ ಮಡಚುವ ರೀತಿಯನ್ನು ಅಲ್ಲಿ ಅವರೊಬ್ಬರೇ ಒಳಗಿನಿಂದ ನೋಡಿದ್ದವರು.

ಆಮೇಲೆ ಅವರು ಗುರುಪಾದನ ಕಡೆ ತಿರುಗಿದರು.

“ಹಿಂದಿನ ದಿನ ಕಾಳಪ್ಪ ರಜಾದ ಮ್ಯಾಲ ಇದ್ದ. ರಜಾ ನಾನ ಕೊಟ್ಟಿದ್ದೆ. ಅವತ್ತ ವಿಮಾನಕ್ಕ ಕೈ ಹಚ್ಚಿದವರು ಯಾರು?”

ಗುರುಪಾದ ಸುಳ್ಳು ಹೇಳಬಹುದಿತ್ತು, ನಾನು ಅದಕ್ಕೂ ತಯಾರಾಗಿದ್ದೆ. ಆದರೆ ಮುರಿದ ಕೊಂಡಿಯ ಮೇಲಿಂದ ಅವನ ಕಣ್ಣು ಏಳಲಿಲ್ಲ.

“ಸಾಮಾನು ಬಂದಿರಲಿಲ್ರಿ ಸಾಹೇಬರ,” ಎಂದ.

ಅಷ್ಟು ಸಾಕಾಗಿತ್ತು. ಸುತ್ತ ನಿಂತವರಲ್ಲಿ ಅರ್ಧ ಜನ ಇಚಲಕರಂಜಿಯ ಮಗ್ಗದ ಮಾಲಕರು, ಅವನಿಂದ ಬಿಡಿಭಾಗ ಕೊಳ್ಳುವವರು. ಒಬ್ಬೊಬ್ಬರಾಗಿ ಸರಿದರು. ಗುರುಪಾದ ನನ್ನ ಕಡೆ ನೋಡಿದ, ಎರಡು ವರ್ಷಗಳ ಮೇಲೆ ಮೊದಲ ಸಲ. ನಾನು ಕಣ್ಣು ತಗ್ಗಿಸಲಿಲ್ಲ. ಅಂಥ ಸುಖವನ್ನು ನಾನು ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಸಾಹೇಬರು ಹೊರಗೆ ಹೋದರು. ಬಾಗಿಲಿನಿಂದ ನೋಡಿದೆ. ಮೆಟ್ಟಿಲ ಮೇಲೆ ಅಣ್ಣನ ಪಕ್ಕದಲ್ಲಿ, ಕಟ್ಟಿಗೆಯ ಕಾಲನ್ನು ಕಷ್ಟಪಟ್ಟು ಚಾಚಿ ಕೂತು, ಅವನ ಬಾಗಿದ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ದೀಪಾವಳಿ ಹೊತ್ತಿಗೆ ಗುರುಪಾದನ ವರ್ಕಶಾಪಿಗೆ ಕೆಲಸ ಬರುವುದು ನಿಂತಿತ್ತು. ಆಗ ನಮ್ಮ ಸೋದರತ್ತೆ ಕುಪ್ಪಸದ ಕಣ, ತೆಂಗಿನಕಾಯಿ ತಟ್ಟೆಯಲ್ಲಿಟ್ಟುಕೊಂಡು ಮನೆಗೆ ಬಂದಳು. ರಕ್ತಸಂಬಂಧ ಬಿಡಿಸಿಕೊಳ್ಳಲು ಆಗುತ್ತದೆಯೇ, ಕಮಲಾ ನಮ್ಮ ಮನೆ ತುಂಬಿದರೆ ಊರವರ ಬಾಯಿ ತಾನೇ ಮುಚ್ಚುತ್ತದೆ ಎಂದು ಅವ್ವನ ಕೈ ಹಿಡಿದುಕೊಂಡಳು. ಅವ್ವ ಕರಗಿದಳು. ಹಾಗಾದರೆ ಅವನೇ ಬರಲಿ, ಅಣ್ಣನ ಕಾಲು ಹಿಡಿಯಲಿ ಎಂದು ನಾನು ಹೇಳಿದೆ. ಅತ್ತೆ ಅದನ್ನು ಒಪ್ಪಿಗೆ ಎಂದು ತಿಳಿದಳು.

ಗುರುಪಾದ ಬಂದ. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡುತ್ತಿರುವಾಗ ಹೊಸ್ತಿಲೊಳಗೆ ಬಗ್ಗಿ ಅಣ್ಣನ ಪಾದಕ್ಕೆ ಹಣೆ ಹಚ್ಚಿದ. ಅಣ್ಣ ಅವನನ್ನು ಎಬ್ಬಿಸಿ ಅಪ್ಪಿಕೊಂಡ. ಅಣ್ಣ ಅಂಥವನು. ಅತ್ತೆ ಕಣ್ಣೊರೆಸಿಕೊಂಡು ತಟ್ಟೆ ಎತ್ತಿ ನನ್ನ ಉಡಿ ತುಂಬಲು ಬಂದಳು. ನಾನು ಸೆರಗು ಒಡ್ಡಲಿಲ್ಲ.

“ಅಣ್ಣ ಬಿಟ್ಟಾನ, ನಾ ಬಿಟ್ಟಿಲ್ಲ. ನನಗ ಮದುವಿ ಬೇಕಾಗಿರಲಿಲ್ಲ ಅತ್ತಿ. ಇವನು ನಮ್ಮ ಹೊಸ್ತಿಲಿಗಿ ಬಂದು ಬಗ್ಗೂದು ಬೇಕಾಗಿತ್ತು. ಬಗ್ಗಿದ. ಇನ್ನ ಕರಕೊಂಡು ಹೋಗ್ರಿ.”

ಅಣ್ಣ ಸಂಕ್ರಾಂತಿಯವರೆಗೆ ನನ್ನೊಡನೆ ಮಾತು ಬಿಟ್ಟ. ಮುರಿದ ರೆಕ್ಕೆಯನ್ನು ಅವನೇ ಸರಿಮಾಡಿ ವಿಮಾನವನ್ನು ಸಾಹೇಬರಿಗೆ ಕೊಟ್ಟುಬಂದ. ಅವರು ಹೇಳಿ ಅವನಿಗೆ ಕೊಲ್ಲಾಪುರದ ಒಂದು ಶಾಲೆಯಲ್ಲಿ ಬಡಗಿ ಕೆಲಸ ಕಲಿಸುವ ನೌಕರಿ ಕೊಡಿಸಿದರು. ಅವನ ಮದುವೆಯೂ ಆಯಿತು. ನಾನು ಬೆಳ್ಳಿ ಕೆಲಸ ಮಾಡಿಕೊಂಡು ಅವನ ಮನೆಯಲ್ಲೇ ಉಳಿದೆ, ಕೇಳಿಬಂದವರನ್ನು ನಾನೇ ಬೇಡವೆಂದೆ. ಗುರುಪಾದ ವರ್ಕಶಾಪು ಮಾರಿ ಹಾತಕಣಂಗಲೆಯ ಸ್ಟೇಷನ್ ಹತ್ತಿರ ಸೈಕಲ್ ಅಂಗಡಿ ಇಟ್ಟುಕೊಂಡ ಎಂದು ಕೇಳಿದೆ. ರೈಲಿಗೆ ಹೋಗುವಾಗ ಒಮ್ಮೆ ಕಂಡಿದ್ದೆ. ಕೂದಲು ನೆರೆತಿತ್ತು, ಮೈ ಇಳಿದಿತ್ತು. ನನಗೆ ಅಯ್ಯೋ ಅನಿಸಲಿಲ್ಲ. ಅನಿಸಬೇಕಿತ್ತೇನೋ.

ಅವನು ತೀರಿಕೊಂಡ ಸುದ್ದಿ ಒಂದು ಮಧ್ಯಾಹ್ನ ಬಂತು. ಅಣ್ಣ ಮಣ್ಣಿಗೆ ಹೋಗಿ ಬಂದ. ಬಳಗದವರು ಸತ್ತರೆ ತಲೆಗೆ ನೀರು ಹಾಕಿಕೊಳ್ಳದೆ ಬಾಯಿಗೆ ಒಂದು ತುತ್ತೂ ಹಾಕುವಂತಿಲ್ಲ. ಅಣ್ಣನ ಹೆಂಡತಿ ದೊಡ್ಡ ಹಂಡೆಗೆ ಬೆಂಕಿ ಹಚ್ಚಿದಳು. ಮೊದಲು ಅಣ್ಣ ಮಿಂದ, ಆಮೇಲೆ ಮಕ್ಕಳು, ಆಮೇಲೆ ಅವಳು. ನೀರು ಆರುತ್ತದೆ ಬಾ ಎಂದು ಒದ್ದೆ ಕೂದಲಲ್ಲೇ ನನ್ನನ್ನು ಕರೆಯಲು ಬಂದಳು.

ನಾನು ತಾಟು ಹಾಕಿಕೊಂಡು ಊಟಕ್ಕೆ ಕೂತೆ.